ಹುಳುಮನೆ ಬ್ಯಾಂಡಿನ ಅಕ್ಕ

ಕಳೆದ ತಿಂಗಳು ಪತ್ರಿಕೆಯೊಂದರ ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಸುದ್ದಿ ಬಂತು. 'ಹುಳುಮನೆ ಬ್ಯಾಂಡ್‌ನ ಮಾಜಿ ಗಾಯಕಿ ನಿಧನ' ಎಂದು ತಲೆಬರಹ. ಮಾಲೂರು ತಾಲ್ಲೂಕಿನ ಟೇಕಲ್‌ನವರು, ಬ್ಯಾಂಡ್‌ನ ಆರಂಭದ ದಿನಗಳಲ್ಲಿ ಕೆಲವು ಹಾಡು ಹಾಡಿದ್ದರು, ತಾಯಿಯನ್ನು ಅಗಲಿದ್ದಾರೆ. ಅಷ್ಟೇ. ಊರು ಸರಿ, ತಾಯಿ ಸರಿ. ಉಳಿದದ್ದು ತಪ್ಪು. ಬ್ಯಾಂಡ್ ಕಟ್ಟಿದ್ದೇ ಆಕೆ. ಹಾಡು ಬರೆದದ್ದು, ರಾಗ ಹಾಕಿದ್ದು, ತಾಳ ಕೂರಿಸಿದ್ದು ಆಕೆ. 'ಮಾಜಿ' ಎಂದು ಆಕೆಯ ಮುಖಕ್ಕೆ ಯಾರೂ ಹೇಳಿರಲಿಲ್ಲ. ಆಕೆಯೂ ಬ್ಯಾಂಡ್ ಬಿಟ್ಟಿದ್ದೇನೆ ಎಂದು ಎಲ್ಲೂ ಹೇಳಿರಲಿಲ್ಲ.

ನಾನು ಕೋಲಾರದಲ್ಲಿ ವರದಿಗಾರನಾಗಿ ದುಡಿದು ನಿವೃತ್ತನಾದವನು. ಕೋಪ ಬಂದಾಗ ಬರೆಯಬೇಡಿ ಎಂದು ಕಿರಿಯರಿಗೆ ಹೇಳಿಕೊಟ್ಟವನು. ಇದನ್ನು ಬರೆಯಲು ಕೆಲವು ವಾರ ಕಾದೆ. ಕೋಪ ಇಳಿಯಲಿಲ್ಲ. ಹಾಗಾಗಿ ಕಣ್ಣಾರೆ ಕಂಡದ್ದನ್ನು, ಅಲ್ಲಿದ್ದವರನ್ನು ಕೇಳಿ ಖಚಿತ ಮಾಡಿಕೊಂಡದ್ದನ್ನು ಮಾತ್ರ ಬರೆಯುತ್ತಿದ್ದೇನೆ. ಆಕೆಯ ಹೆಸರು ಹಾಕುತ್ತಿಲ್ಲ. ಹಾಕಬೇಡ ಎಂದು ಆಕೆಯ ತಾಯಿ ಹೇಳಿದ್ದಾರೆ.

ಮೊದಲ ಸಲ ಆಕೆಯನ್ನು ಕಂಡದ್ದು ರೇಷ್ಮೆ ಗೂಡಿನ ಧಾರಣೆ ಕುಸಿದಿದ್ದ ಒಂದು ವರ್ಷ. ಬೆಳೆಗಾರರ ಮಾತು ಕೇಳಿಕೊಂಡು ಬರಲು ಟೇಕಲ್ ಕಡೆಗೆ ಹೋಗಿದ್ದೆ. ರೈಲು ನಿಲ್ದಾಣದಿಂದ ಸ್ವಲ್ಪ ಒಳಕ್ಕೆ ಹಿಪ್ಪುನೇರಳೆ ತೋಟ, ತೋಟದ ಪಕ್ಕ ಹುಳು ಸಾಕುವ ಉದ್ದನೆಯ ಮನೆ. ಹುಳುವಿಗೆ ಕುತ್ತಾಗುವ ಊಜಿ ನೊಣ ನುಗ್ಗದ ಹಾಗೆ ಕಿಟಕಿಗಳಿಗೆಲ್ಲ ಬಲೆ ಹೊಡೆದಿದ್ದರು. ಒಳಗಿನಿಂದ ಗಿಟಾರ್ ಸದ್ದು ಬರುತ್ತಿತ್ತು. ಅದರ ಅಡಿಯಲ್ಲಿ ಮದುವೆ ಮೆರವಣಿಗೆಯ ಡಿಜೆ ಗಾಡಿಯಂಥ ದಪ್ಪ ತಾಳ. ಬಾಗಿಲಲ್ಲಿ ನಿಂತೆ. ಒಬ್ಬ ಹುಡುಗಿ ಕೀಬೋರ್ಡ್ ಮೇಲಿನ ಕೈ ತೆಗೆಯದೆ ಗದ್ದದಲ್ಲೇ ಹೊಸ್ತಿಲ ಬಳಿಯ ತಟ್ಟೆಯನ್ನು ತೋರಿಸಿದಳು. ಬ್ಲೀಚಿಂಗ್ ಪುಡಿ ಕಲಸಿದ ನೀರು. ಕಾಲು ಅದ್ದಿಯೇ ಒಳಗೆ ಬರಬೇಕು.

ಹುಳು ಸಾಕುವ ರ್‍ಯಾಕುಗಳೆಲ್ಲ ಖಾಲಿ ಇದ್ದವು. ಹುಳುವೇ ಇಲ್ಲವಲ್ಲಮ್ಮ ಎಂದೆ.

'ಅಭ್ಯಾಸ ತಪ್ಪಬಾರ್ದು ಸಾರ್. ಇವತ್ತು ನಿಮ್ಮನ್ನ ಹಂಗೇ ಬಿಟ್ರೆ ನಾಳೆ ಇವನು ನುಗ್ತಾನೆ.'

ಇವನು ಎಂದರೆ ಗಿಟಾರ್ ಹಿಡಿದಿದ್ದ ಮುಳಬಾಗಿಲಿನ ಹುಡುಗ. ಅವನು ನಕ್ಕ. ಅವನ ಕಪ್ಪು ಅಂಗಿಯ ತುಂಬ ಬ್ಲೀಚಿಂಗ್ ಹಾರಿ ಬಿಳಿ ಮಚ್ಚೆ ಬಿದ್ದಿತ್ತು. ಇದೇ ಅವನ ಪರಿಚಯ. ಮುಂದೆ ಇವನ ಬಗ್ಗೆ ಬರೆಯಬೇಕಾಗುವುದರಿಂದ ಒಂದು ಮಾತು ಸೇರಿಸುತ್ತೇನೆ: ಆ ದಿನಗಳಲ್ಲಿ ಅವನು ನಿಜಕ್ಕೂ ಒಳ್ಳೆಯ ಹುಡುಗನಾಗಿದ್ದ, ಆಕೆಯ ಮಾತಿಗೆ ಎದುರಾಡುತ್ತಿರಲಿಲ್ಲ.

ಇಬ್ಬರೂ ನರಸಾಪುರದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾಗ ಪರಿಚಯವಾದವರು. ಡ್ರಮ್ಸ್‌ನ ಹುಡುಗ ಶ್ರೀನಿವಾಸಪುರದವನು, ಬೇಸ್ ಗಿಟಾರ್‌ನವನು ಮಾಲೂರಿನವನು, ಅವರೂ ಅದೇ ಕಂಪನಿ. ತಂದೆ ತೀರಿಕೊಂಡ ಮೇಲೆ ಆಕೆ ಕೆಲಸ ಬಿಟ್ಟು ಮನೆಗೆ ಬಂದಳು. ಹುಳು ನೋಡಿಕೊಳ್ಳಲು ತಾಯಿ ಒಬ್ಬರೇ ಆಗಿದ್ದರು. ಬ್ಯಾಂಡ್ ಕೂಡ ಆಕೆಯ ಹಿಂದೆಯೇ ಟೇಕಲ್‌ಗೆ ಬಂತು.

ಹುಳು ಸಾಕಿದವರಿಗೆ ಇದು ಗೊತ್ತಿರುತ್ತದೆ. ಬೆಳೆ ಮನೆಯೊಳಗೆ ಇರುವಷ್ಟು ದಿನ ಅಲ್ಲಿಗೆ ಹೊರಗಿನವರು ಕಾಲಿಡುವಂತಿಲ್ಲ, ಪಕ್ಕದಲ್ಲಿ ಒಗ್ಗರಣೆ ಹಾಕುವಂತಿಲ್ಲ. ಸದ್ದೂ ಆಗಬಾರದು ಎನ್ನುವುದು ಆ ತಾಯಿಯ ನಂಬಿಕೆ. ಗೂಡು ಬಿಡಿಸಿ, ಮನೆ ತೊಳೆದು, ಮುಂದಿನ ಮರಿ ತರುವ ತನಕ ಮಾತ್ರ ಮನೆ ಖಾಲಿ. ಬ್ಯಾಂಡ್‌ನ ಅಭ್ಯಾಸ ನಡೆಯುತ್ತಿದ್ದುದು ಆ ಖಾಲಿ ದಿನಗಳಲ್ಲಿ. ನಾಲ್ವರೂ ತಮ್ಮ ಬದುಕನ್ನು ಹುಳುವಿನ ಲೆಕ್ಕಕ್ಕೆ ಹೊಂದಿಸಿಕೊಂಡಿದ್ದರು. ಈಗ ಎಷ್ಟನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚಲು ಮಲಗುವುದಕ್ಕೆ ಜ್ವರ ಎನ್ನುತ್ತಾರೆ), ಎಂದಿಗೆ ಹಣ್ಣಾಗುತ್ತವೆ, ಎಂದು ಗೂಡು ಬಿಡಿಸುತ್ತಾರೆ ಎಂಬುದನ್ನು ಮುಳಬಾಗಿಲಿನ ಹುಡುಗ ನನಗೆ ಬೆರಳು ಮಡಿಸಿ ಹೇಳುತ್ತಿದ್ದ. ಅವನ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಹುಳು ಸಾಕಿದವರಲ್ಲ. ಇದನ್ನು ಓದುಗರು ನೆನಪಿನಲ್ಲಿಡಬೇಕು.

ಬೆಳೆ ಇದ್ದ ದಿನಗಳಲ್ಲಿ ಆಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ತಾಳ ಕೂರಿಸುತ್ತಿದ್ದಳು. ಡ್ರಮ್ಸ್ ಬಾರಿಸುವಂತಿಲ್ಲವಲ್ಲ, ಅದಕ್ಕೆ ಯಂತ್ರದ ತಾಳ. ಆ ಬ್ಯಾಂಡ್‌ಗೆ ಕುಣಿಸುವ ಗುಣ ಬಂದದ್ದು ಹೀಗೆ. ಮೇಲೆ ಗಿಟಾರ್, ಕೆಳಗೆ ಎದೆಗೆ ಗುದ್ದುವ ಯಂತ್ರ, ನಡುವೆ ಆಕೆಯ ಒರಟು ದನಿ. ಬೆಂಗಳೂರಿನ ಒಬ್ಬ ಅಂಕಣಕಾರರು ಇದನ್ನು ಯಾವುದೋ ವಿದೇಶಿ ಪ್ರಭಾವ ಎಂದು ಬರೆದಿದ್ದರು. ಅದನ್ನು ಆಕೆಗೆ ಓದಿ ಹೇಳಿದೆ. ಸೊಪ್ಪು ಕತ್ತರಿಸುತ್ತಿದ್ದವಳು ಕತ್ತಿ ನಿಲ್ಲಿಸಲಿಲ್ಲ.

'ನಮ್ಮಮ್ಮನ ಪ್ರಭಾವ ಅಂತ ಬರೀರಿ ಸಾರ್. ಡ್ರಮ್ಸ್ ಹೊಡ್ದ್ರೆ ಪೊರಕೆ ತಗೊಂಡ್ ಬರ್ತಾಳೆ.'

ಹುಳುಗಳು ಸೊಪ್ಪು ತಿನ್ನುವ ಸದ್ದನ್ನು ಆಕೆ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. ಸಾವಿರಾರು ಬಾಯಿಗಳ ಸಣ್ಣ ಚರಚರ. ಅದನ್ನು ತಾಳದ ಮೇಲೆ ತೆಳ್ಳಗೆ ಹರಡುತ್ತಿದ್ದಳು. ಹೇಳದಿದ್ದರೆ ಯಾರಿಗೂ ಅದೇನೆಂದು ತಿಳಿಯುತ್ತಿರಲಿಲ್ಲ. ತೆಗೆದರೆ ಮಾತ್ರ ಹಾಡು ಬರಿದಾದ ಹಾಗೆ ಅನಿಸುತ್ತಿತ್ತು.

ಆಕೆಗೆ ಸಿಟ್ಟು ಬೇಗ ಬರುತ್ತಿತ್ತು. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಮುಳಬಾಗಿಲಿನ ಒಂದು ಕಾಲೇಜು ವಾರ್ಷಿಕೋತ್ಸವದಲ್ಲಿ ನಿರೂಪಕ ಗಿಟಾರ್ ಹುಡುಗನ ಕಡೆ ಕೈ ಮಾಡಿ, ಈಗ ಇವರ ಬ್ಯಾಂಡ್ ಎಂದ. ಆಕೆ ಮೈಕ್ ತೆಗೆದುಕೊಂಡು, ಅವನು ಬ್ಯಾಂಡ್‌ನಲ್ಲಿದ್ದಾನೆ, ಬ್ಯಾಂಡ್ ನನ್ನದು ಎಂದಳು. ಮಕ್ಕಳು ಕೂಗಿದರು. ಇನ್ನೊಂದು ಕಡೆ ಸಂಘಟಕರು ಸೀರೆ ಉಟ್ಟು ಮುಂದೆ ಬಂದು ನಾಲ್ಕು ಹೆಜ್ಜೆ ಹಾಕಮ್ಮ ಎಂದರು. ಆಕೆ ಜೀನ್ಸ್‌ನಲ್ಲಿದ್ದಳು, ಕೈಬೆರಳುಗಳಲ್ಲಿ ಸೊಪ್ಪಿನ ಹಸಿರು ಕಲೆ.

'ಕುಣಿಯೋರು ಕೆಳಗವ್ರೆ ಸಾರ್. ಮೇಲಿರೋರು ನುಡಿಸ್ಬೇಕು. ನೀವೂ ಕೆಳಕ್ಕಿಳೀರಿ, ಕುಣಿಸ್ತೀನಿ.'

ಆ ಊರಿಂದ ಮತ್ತೆ ಕರೆ ಬರಲಿಲ್ಲ. ಗಿಟಾರ್ ಹುಡುಗ, ಸ್ವಲ್ಪ ತಗ್ಗಿ ಮಾತಾಡಿದ್ದರೆ ಏನಾಗುತ್ತಿತ್ತು ಎಂದು ವ್ಯಾನಿನಲ್ಲಿ ಗೊಣಗಿದನಂತೆ. ಗೊಣಗಾಟ ಅಲ್ಲಿಂದ ಶುರುವಾಯಿತು ಎಂದು ಡ್ರಮ್ಸ್‌ನವನು ನನಗೆ ಆಮೇಲೆ ಹೇಳಿದ.

ಅವರ ಅತ್ಯುತ್ತಮ ಕಾರ್ಯಕ್ರಮ ನಾನು ಕಂಡದ್ದು ಶ್ರೀನಿವಾಸಪುರದಲ್ಲಿ, ಮಾವಿನ ಸುಗ್ಗಿ ಮುಗಿದ ಮೇಲೆ. ಮಂಡಿಯೊಂದರ ಅಂಗಳದಲ್ಲಿ ಖಾಲಿ ಕ್ರೇಟುಗಳನ್ನು ಜೋಡಿಸಿ ವೇದಿಕೆ ಮಾಡಿದ್ದರು. ಹಮಾಲರು, ಲಾರಿಯವರು, ಹಣ್ಣು ಆರಿಸುವ ಹೆಂಗಸರು ಎಲ್ಲ ಸೇರಿದ್ದರು. ಆಕೆ ಕಂಪನಿ ಬಸ್ಸಿನ ಹಾಡು ಹಾಡಿದಳು. ನರಸಾಪುರಕ್ಕೆ ಬೆಳಗಿನ ಪಾಳಿಗೆ ಹೋಗುವ ಹುಡುಗಿ ಬಸ್ಸಿನ ಚಾಲಕನಿಗೆ ಹೇಳುವ ಹಾಡು ಅದು. 'ಹಾರನ್ ಹೊಡೀಬೇಡ ಡ್ರೈವರಣ್ಣ, ನಿದ್ದೆ ಇನ್ನೂ ಕಣ್ಣಾಗೈತೆ' ಎಂದು ಶುರುವಾಗಿ, ನಡುವೆ ತೆಲುಗಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬರುತ್ತದೆ. ನಮ್ಮ ಕಡೆ ಮನೆಗಳಲ್ಲಿ ಮಾತು ಹೊರಳುವುದೇ ಹಾಗೆ. ಹೆಂಗಸರು ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ಕುಣಿದರು. ಒಬ್ಬಾಕೆ ವೇದಿಕೆಯ ಹತ್ತಿರ ಬಂದು, ಇದು ನನ್ನ ಮಗಳ ಹಾಡು, ಯಾರು ಹೇಳಿದರು ನಿನಗೆ ಎಂದು ಕೇಳಿದಳು. ನಾನೇ ಹೋಗುತ್ತಿದ್ದೆನಲ್ಲಮ್ಮ ಆ ಬಸ್ಸಿನಲ್ಲಿ ಎಂದಳು ಇವಳು.

ಆ ದಿನ ಯಾರೋ ತೆಗೆದ ವಿಡಿಯೊ ಫೋನಿನಿಂದ ಫೋನಿಗೆ ಹರಡಿತು. ಬೆಂಗಳೂರಿನ ಒಂದು ಸಂಗೀತ ಕಂಪನಿ ಕರೆಯಿತು. ಅದರ ಹೆಸರು ಇಲ್ಲಿ ಬೇಡ. ಹಾಡು ಚೆನ್ನಾಗಿದೆ, ದನಿ ಮಾತ್ರ ತೀರಾ ಊರಿನ ದನಿ ಎಂದು ಅಲ್ಲಿನವರು ಗಿಟಾರ್ ಹುಡುಗನಿಗೆ ಹೇಳಿದರು. ಹುಡುಗ ಆ ಮಾತನ್ನು ಆಕೆಗೆ ತಿಳಿಸಲಿಲ್ಲ.

ಮುಂದಿನದ್ದಕ್ಕೆ ನಾನೇ ಸಾಕ್ಷಿ. ಅಂದು ಬೇರೆ ಕೆಲಸಕ್ಕೆ ಮಾಲೂರಿಗೆ ಹೋದವನು ಟೇಕಲ್‌ಗೂ ಹೋಗಿದ್ದೆ. ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಆಗ ಅವುಗಳ ಹಸಿವಿಗೆ ಮಿತಿಯಿಲ್ಲ, ಹೊತ್ತು ಹೊತ್ತಿಗೆ ಸೊಪ್ಪು ಬೀಳಲೇಬೇಕು, ಮನೆಯವರು ಅಂಗಳ ದಾಟುವುದಿಲ್ಲ. ನಾನು ಹೊರಗಿನ ಜಗಲಿಯಲ್ಲಿ ಕೂತಿದ್ದೆ. ಗಿಟಾರ್ ಹುಡುಗನ ಕರೆ ಬಂತು. ಆಕೆ ಕೈತುಂಬ ಸೊಪ್ಪು ಹಿಡಿದುಕೊಂಡಿದ್ದರಿಂದ ಫೋನನ್ನು ಜಗಲಿಯ ಮೇಲಿಟ್ಟು ಸ್ಪೀಕರ್ ಹಾಕಿದಳು.

'ಅಕ್ಕಾ, ಸೋಮವಾರ ಸ್ಟುಡಿಯೊ ಕೊಟ್ಟವ್ರೆ.'

'ಲೇ, ನಾಲ್ಕನೇ ಜ್ವರ ಎದ್ದವೆ ಕಣೋ. ನಿಂಗೊತ್ತಿಲ್ವಾ? ಅಮ್ಮ ಒಬ್ಬಳ ಕೈಲಾಗಲ್ಲ. ಚಂದ್ರಿಕೆಗೆ ಬಿಟ್ಟ ಮಾರನೇ ದಿನ ಬರ್ತೀನಿ, ಅಲ್ಲೀವರ್ಗೂ ತಡ್ಕೊಳೋಕ್ ಹೇಳು.'

'ಅವ್ರು ತಡ್ಕೊಳಲ್ವಂತೆ.'

'ಅವ್ರು ತಡ್ಕೊಳಲ್ವೋ, ನೀನು ಕೇಳಿಲ್ವೋ?'

ನೆಟ್‌ವರ್ಕ್ ಸರಿಯಿಲ್ಲ ಅಕ್ಕಾ ಎಂದ ಅವನು, ಬಹಳ ಸ್ಪಷ್ಟವಾಗಿ. ಚಂದ್ರಿಕೆ ಎಂದರೆ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ತಟ್ಟಿ. ಅದಕ್ಕೆ ಆ ಬೆಳೆಯಲ್ಲಿ ಒಂದು ವಾರವೂ ಉಳಿದಿರಲಿಲ್ಲ.

ಮೂವರೂ ಸೋಮವಾರ ಬೆಂಗಳೂರಿಗೆ ಹೋದರು. ಬೇರೊಬ್ಬ ಹುಡುಗಿಯ ನಯವಾದ ದನಿಯಲ್ಲಿ ಹಾಡು ಮುದ್ರಣವಾಯಿತು. ತೆಲುಗಿನ ಸಾಲುಗಳನ್ನು ಕಿತ್ತರು. 'ಕಣ್ಣಾಗೈತೆ' ಎನ್ನುವುದನ್ನು ತಿದ್ದಿದರು. ಆ ಚರಚರ ಸದ್ದು ಮಾತ್ರ ಅಲ್ಲಿನ ತಂತ್ರಜ್ಞನಿಗೆ ಬಹಳ ಹಿಡಿಸಿತಂತೆ, ಅದನ್ನು ಇಟ್ಟುಕೊಂಡರು. ಹುಳುಗಳನ್ನು ಉಳಿಸಿ ಅವಕ್ಕೆ ಸೊಪ್ಪು ಹಾಕಿದವಳನ್ನು ತೆಗೆದರು.

ತಿಂಗಳುಗಳ ನಂತರ ಆ ತಂತ್ರಜ್ಞನನ್ನು ಹುಡುಕಿ ಮಾತಾಡಿಸಿದೆ. ಬೇರೆ ದಿನ ಕೊಡಿ ಎಂದು ಯಾರಾದರೂ ಕೇಳಿದ್ದರೇ ಎಂದೆ. ಯಾರೂ ಕೇಳಲಿಲ್ಲ, ಮುಂದಿನ ವಾರವೂ ಸ್ಟುಡಿಯೊ ಖಾಲಿಯೇ ಇತ್ತು ಎಂದ. ಇನ್ನೊಂದು ವಿಷಯವನ್ನೂ ಅವನೇ ಹೇಳಿದ. ಈ ಸೋಮವಾರವೇ ಆಗಬೇಕು ಎಂದು ದಿನ ಆರಿಸಿದ್ದು ಗಿಟಾರ್ ಹುಡುಗ.

ಅವನಿಗೆ ಹುಳುವಿನ ಲೆಕ್ಕ ಬರುತ್ತಿತ್ತು.

ಹಾಡು ಎಲ್ಲ ಮದುವೆಗಳಲ್ಲಿ, ಎಲ್ಲ ಡಿಜೆ ಗಾಡಿಗಳಲ್ಲಿ ಕೇಳಿಸತೊಡಗಿತು. ನರಸಾಪುರಕ್ಕೆ ಹೋಗುವ ಬಸ್ಸುಗಳಲ್ಲೇ ಅದನ್ನು ಹಾಕುತ್ತಿದ್ದರು. ಬ್ಯಾಂಡ್ ಅದೇ ಹೆಸರಿನಲ್ಲಿ ಊರೂರು ಸುತ್ತಿತು. ಹುಳುಮನೆ ಎಂದರೇನು ಎಂದು ಟಿವಿಯವರು ಕೇಳಿದಾಗ, ನಮ್ಮ ಮಣ್ಣಿನ ಸಂಸ್ಕೃತಿ ಎಂದು ಗಿಟಾರ್ ಹುಡುಗ ಉತ್ತರ ಕೊಟ್ಟ. ಬಿಳಿ ಮಚ್ಚೆಯ ಕಪ್ಪು ಅಂಗಿ ಈಗ ಅವನಿಗಾಗಿಯೇ ಹೊಲಿಸಿದ್ದಾಗಿತ್ತು.

ಆಕೆ ಜಗಳಕ್ಕೆ ಹೋಗಲಿಲ್ಲ. ಠಾಣೆಗೆ ಹೋಗೋಣ, ವಕೀಲರನ್ನು ಕಾಣೋಣ ಎಂದು ನಾನು ಹೇಳಿದೆ. ಅದೆಲ್ಲ ಬೇಡ ಸಾರ್, ಒಂದು ಸಲ ಜನರ ಮುಂದೆ ನಾನು ಹಾಡಬೇಕು, ಅಷ್ಟೇ ಎಂದಳು. ಯಾವ ಸಂಘಟಕರ ಹತ್ತಿರ ಹೋದರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಆ ಫೇಮಸ್ ಹಾಡನ್ನು ನೀವು ಯಾಕೆ ಹಾಡುತ್ತೀರಿ, ಒರಿಜಿನಲ್‌ನವರೇ ಇದ್ದಾರಲ್ಲ? ಇದನ್ನು ನನಗೆ ಹೇಳಿ ಆಕೆ ನಗಲು ನೋಡಿದಳು. ನಗು ಬರಲಿಲ್ಲ.

ಕೊನೆಗೆ ಬ್ಯಾಂಡ್‌ನ ವಾರ್ಷಿಕೋತ್ಸವ ಎಂದು ಕೋಲಾರದಲ್ಲಿ ಒಂದು ಕಾರ್ಯಕ್ರಮ ಇಟ್ಟರು. ಆಕೆಗೆ ಸನ್ಮಾನವಂತೆ. ಆಕೆ ಹೋಗುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಶಾಲು, ಪೇಟ, ಹಣ್ಣಿನ ಬುಟ್ಟಿ. ನಿರೂಪಕಿ ನಮ್ಮೆಲ್ಲರ ಅಕ್ಕ ಎಂದಳು. ಮೈಕ್ ಮಾತ್ರ ಆಕೆಯ ಕೈಗೆ ಬರಲಿಲ್ಲ. ಅಕ್ಕನಿಗೆ ಜೋರು ಚಪ್ಪಾಳೆ ಎಂದು ಹೇಳಿ, ಪಕ್ಕದ ಕುರ್ಚಿಯಲ್ಲಿ ಕೂರಿಸಿ ಬಸ್ಸಿನ ಹಾಡು ಶುರು ಮಾಡಿದರು.

ಹಾಡು ಅರ್ಧಕ್ಕೆ ಬಂದಾಗ ಆಕೆ ಎದ್ದಳು. ವೇದಿಕೆಯ ಮೂಲೆಯಲ್ಲಿದ್ದ ಕೀಬೋರ್ಡ್ ಹತ್ತಿರ ಹೋದಳು. ಅಲ್ಲಿ ನಿಂತಿದ್ದ ಹೊಸ ಹುಡುಗ ಸರಿದು ಜಾಗ ಬಿಟ್ಟ. ಎರಡು ಕೈಯಲ್ಲಿ ಒತ್ತಿದಳು. ಸದ್ದಿಲ್ಲ. ಇನ್ನೊಮ್ಮೆ ಒತ್ತಿದಳು. ಬಗ್ಗಿ ಹಿಂದೆ ನೋಡಿದಳು. ಕೀಬೋರ್ಡಿಗೆ ವೈರೇ ಹಾಕಿರಲಿಲ್ಲ. ಅದು ನೋಟಕ್ಕೆ ಇಟ್ಟದ್ದು. ಹಾಡು ಪೆನ್‌ಡ್ರೈವಿನಿಂದ ಬರುತ್ತಿತ್ತು, ಗಿಟಾರಿನದೂ ಸೇರಿ. ಜನ ಇದೇನೋ ತಮಾಷೆ ಎಂದು ನಕ್ಕರು. ಹಾಡು ಮುಗಿಯುವ ತನಕ ಆಕೆ ಅಲ್ಲೇ ನಿಂತಿದ್ದು, ನಿರೂಪಕಿಯ ಕೈಯಿಂದ ಮೈಕ್ ತೆಗೆದುಕೊಂಡಳು.

'ಹುಳ ಜ್ವರಕ್ಕೆ ಮಲಗಿದ್ದಾಗ ನಮ್ಮನೇಲಿ ಇದಕ್ಕಿಂತ ಜಾಸ್ತಿ ಸದ್ದಿರ್ತಿತ್ತು ಕಣ್ರೋ.'

ಶಾಲನ್ನು ಮಡಿಸಿ ಆ ಕೀಬೋರ್ಡ್ ಮೇಲಿಟ್ಟು ಇಳಿದಳು. ಬಸ್ ನಿಲ್ದಾಣದ ತನಕ ಜೊತೆಯಲ್ಲಿ ಹೋದೆ. ಮಾಲೂರಿನ ಬಸ್ಸಿಗೆ ಕಾಯುತ್ತ ನಿಂತೆವು.

'ಬೆಳಗ್ಗೆಯಿಂದ ಬಿಸಿನೀರು ಕುಡ್ಕೊಂಡು ಗಂಟಲು ಸರಿ ಮಾಡ್ಕೊಂಡಿದ್ದೆ ಸಾರ್' ಎಂದಳು. 'ಒಂದ್ಸಲ ಹಾಡಕ್ಕ ಅಂತ ಯಾರಾದ್ರೂ ಅಂತಾರೇನೋ ಅಂತ.'

ಮರುದಿನ ವಿಡಿಯೊ ಬಂತು. ಕೀಬೋರ್ಡಿನ ಭಾಗ ಅದರಲ್ಲಿರಲಿಲ್ಲ. ಶಾಲು ಇಟ್ಟು ಇಳಿದು ಹೋಗುವುದಷ್ಟೇ ಇತ್ತು. ಸನ್ಮಾನ ಮಾಡಿದವರಿಗೆ ಅವಮಾನ ಮಾಡಿದ ಹಮ್ಮಿನ ಹೆಣ್ಣು ಎಂದು ಕೆಳಗೆ ಬರೆದಿದ್ದರು. ಸಾವಿರಾರು ಜನ ಅದಕ್ಕೆ ತಲೆಯಾಡಿಸಿದರು.

ಅದಾದ ಮೇಲೆ ಆಕೆ ಬೆಳೆಯ ನಡುವಿನ ಖಾಲಿ ದಿನಗಳಲ್ಲಿ ಒಬ್ಬಳೇ ಹಾಡಿ ಫೋನಿನಲ್ಲಿ ಹಿಡಿದಿಡುತ್ತಿದ್ದಳು. ಕೇಳಿಸು ಎಂದರೆ ಇನ್ನೂ ಆಗಿಲ್ಲ ಸಾರ್ ಎನ್ನುತ್ತಿದ್ದಳು. ಕಾಯಿಲೆ ಗೊತ್ತಾದಾಗ ತಡವಾಗಿತ್ತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಪಕ್ಕದ ಹಾಸಿಗೆಯವರ ಫೋನಿನಲ್ಲಿ ಆ ಹಾಡು ಬಂತು. ಆಕೆ ಕಣ್ಣು ಮುಚ್ಚಿ ಬೆರಳಿನಲ್ಲಿ ಮಂಚದ ಕಂಬಿಗೆ ತಾಳ ತಟ್ಟಿದಳು. ಒಂದು ಕಡೆ ಬೆರಳು ನಿಂತಿತು. 'ಇಲ್ಲಿ ತಪ್ಪು ಮಾಡವ್ರೆ' ಎಂದಳು. ತೆಲುಗಿನ ಸಾಲು ಇದ್ದ ಜಾಗ ಅದು.

ತಿಥಿಯ ದಿನ ಟೇಕಲ್‌ಗೆ ಹೋದೆ. ನೆಂಟರು ಉಂಡು ಹೋದ ಮೇಲೆ ತಾಯಿ ಜಗಲಿಯಲ್ಲಿ ಕೂತಿದ್ದರು. ಆಗ ಗಿಟಾರ್ ಹುಡುಗ ಬಂದ. ಹುಡುಗ ಎಂಬುದು ನನ್ನ ಬಾಯಿಯ ರೂಢಿ, ಈಗ ಅವನಿಗೆ ಹೊಟ್ಟೆ ಬಂದಿದೆ. ಕಾಲಿಗೆ ಬಿದ್ದ. ನಿಜವಾಗಿ ಅತ್ತ, ಅದರಲ್ಲಿ ನನಗೆ ಅನುಮಾನವಿಲ್ಲ. ಆಮೇಲೆ ಬಂದ ಕೆಲಸ ಹೇಳಿದ. ಕೋಲಾರದಲ್ಲಿ ದೊಡ್ಡ ನುಡಿನಮನ ಇಟ್ಟಿದ್ದೇವೆ, ಅಕ್ಕ ಫೋನಿನಲ್ಲಿ ಹಾಡಿಟ್ಟಿದ್ದಾಳಂತೆ, ಅದನ್ನು ಕೊಟ್ಟರೆ ನಮ್ಮ ಸಂಗೀತ ಸೇರಿಸಿ ಬಿಡುಗಡೆ ಮಾಡುತ್ತೇವೆ, ಅಕ್ಕನ ದನಿ ಎಲ್ಲರಿಗೂ ತಲುಪಲಿ ಎಂದ.

ನಾನು ಬಾಯಿ ತೆರೆದೆ. ತಾಯಿ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು.

'ಅವಳ ದನಿ ಬೇಕಾ ನಾಯನಾ?'

'ಹೌದಮ್ಮ.'

'ಕೂತ್ಕೊ.'

ಅವನು ನನ್ನ ಪಕ್ಕ ಜಗಲಿಯ ಮೇಲೆ ಕೂರಲು ಬಂದ. ಅವರು ಕೆಳಗೆ ಅಂಗಳ ತೋರಿಸಿದರು. ಬಿಸಿಲಿತ್ತು. ಕೂತ. ತಾಯಿ ಸೊಂಟದ ಚೀಲದಿಂದ ಮಗಳ ಫೋನು ತೆಗೆದು, ತಡಕಾಡಿ, ಹಾಕಿದರು. ಬಸ್ಸಿನ ಹಾಡು. ಗಿಟಾರ್ ಇಲ್ಲ, ಯಂತ್ರ ಇಲ್ಲ. ಆ ದನಿ ಒಂದೇ, ಮೇಲಕ್ಕೆ ಹೋಗುವಲ್ಲಿ ಬಿರಿಯುತ್ತ, ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತ. ಅವನು ಮೊದಲು ತಲೆದೂಗಿದ. ಆಮೇಲೆ ನೆಲ ನೋಡಿದ. ನಡುವೆ ಅವನ ಜೇಬಿನ ಫೋನು ಹೊಡೆದುಕೊಂಡಿತು. ತಾಯಿ ಹಾಡು ನಿಲ್ಲಿಸಿ, ಅದು ಸುಮ್ಮನಾಗುವ ತನಕ ಕಾದು, ಮತ್ತೆ ಮೊದಲಿನಿಂದ ಹಾಕಿದರು.

ಹಾಡು ಮುಗಿಯಿತು. ಅವನು ಕಣ್ಣೊರೆಸಿಕೊಂಡು ಫೋನಿಗಾಗಿ ಕೈ ಚಾಚಿದ. ತಾಯಿ ಅದನ್ನು ಚೀಲಕ್ಕೆ ಹಾಕಿ ದಾರ ಬಿಗಿದರು.

'ಕೇಳಿದ್ಯಲ್ಲ. ಹೋಗು.'

ನುಡಿನಮನದ ಜನಕ್ಕೆ ಏನು ಹೇಳಲಿ ಅಮ್ಮ ಎಂದ ಅವನು. ಅವರು ಅವನ ಚಪ್ಪಲಿ ತೋರಿಸಿದರು. ಅವನು ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ನಡೆದ. ಒಂದು ಪ್ರತಿ ನನಗಾದರೂ ಕೊಡಿ, ಜೋಪಾನವಾಗಿ ಇಡುತ್ತೇನೆ ಎಂದು ನಾನು ಕೇಳಿದೆ. ಆ ತಾಯಿ ನನ್ನ ಮುಖವನ್ನೂ ಅವನ ಬೆನ್ನನ್ನೂ ಒಂದೇ ಥರ ನೋಡಿದರು.

'ನೀನೂ ಕೇಳಿದ್ಯಲ್ಲ ನಾಯನಾ' ಎಂದರು.

ನಾನೂ ಎದ್ದೆ.